ಬ್ರೋಷರಿನಲ್ಲಿ ಇಲ್ಲದ ಫೋಟೊ

ತಿಪಟೂರಿನ ಸ್ನೇಹಿತರೊಬ್ಬರು ಕಳೆದ ತಿಂಗಳು ವಾಟ್ಸ್‌ಆ್ಯಪ್‌ನಲ್ಲಿ ಬಣ್ಣಬಣ್ಣದ ಬ್ರೋಷರೊಂದನ್ನು ಕಳಿಸಿ, ಹಿಂದೆಯೇ ಫೋನ್ ಮಾಡಿದರು. ಮಗ ಪಿಯುಸಿ ಮುಗಿಸಿದ್ದಾನೆ, ಪೈಲಟ್ಟೇ ಆಗಬೇಕು ಅಂತ ಹಟ. ಶಾಲೆಯೂ ಗೊತ್ತಾಗಿದೆ.

“ಸಾರ್, ಅವರ ಹತ್ರ ದೊಡ್ಡ ಸಿಮ್ಯುಲೇಟರ್ ಇದೆ. ಅರ್ಧ ಟ್ರೈನಿಂಗು ಅದರಲ್ಲೇ ಆಗತ್ತಂತೆ. ಅಪಾಯಾನೂ ಇಲ್ಲ, ಖರ್ಚೂ ಕಡಿಮೆ. ಸೇರಿಸಿಬಿಡ್ಲಾ?”

ಬ್ರೋಷರು ತಿರುವಿ ನೋಡಿದೆ. ಸಾಲಾಗಿ ನಿಂತ ಬಿಳಿ ವಿಮಾನಗಳು, ಹಾಸ್ಟೆಲಿನ ಮಂಚ, ನೀಲಿ ಬೆಳಕಿನ ಸಿಮ್ಯುಲೇಟರ್ ಕೋಣೆ, ಕೂಲಿಂಗ್ ಗ್ಲಾಸ್ ಹಾಕಿಕೊಂಡು ನಗುತ್ತಿರುವ ಹುಡುಗ ಹುಡುಗಿಯರು. ಎಂಟು ಪುಟದಲ್ಲಿ ಒಬ್ಬ ಇನ್‌ಸ್ಟ್ರಕ್ಟರ್ ಫೋಟೊ ಇರಲಿಲ್ಲ. ಹೆಸರೂ ಇರಲಿಲ್ಲ.

“ಕಲಿಸೋರು ಯಾರು ಅಂತ ಕೇಳಿದ್ರಾ?” ಎಂದೆ.

ಆ ಕಡೆ ಸದ್ದಿಲ್ಲ. ಮಗಳನ್ನು ಸಂಗೀತಕ್ಕೆ ಹಾಕುವಾಗ ಮೇಷ್ಟ್ರು ಯಾರು, ಅವರು ಯಾರ ಶಿಷ್ಯರು ಎಂದು ಹತ್ತು ಮನೆ ವಿಚಾರಿಸಿದ್ದ ಮನುಷ್ಯ ಇವರು. ಅರ್ಧ ಕೋಟಿಯ ಆಸುಪಾಸು ಸುರಿಯುವ ಕಡೆ ಆ ಪ್ರಶ್ನೆ ಹೊಳೆದೇ ಇರಲಿಲ್ಲ. ಅವತ್ತು ಅವರಿಗೆ ಫೋನಿನಲ್ಲಿ ಹೇಳಿದ್ದನ್ನೇ ಸ್ವಲ್ಪ ವಿವರವಾಗಿ ಇಲ್ಲಿ ಬರೆಯುತ್ತಿದ್ದೇನೆ.

ಅರ್ಧವಲ್ಲ

ಮೊದಲು ಲೆಕ್ಕ. ನಮ್ಮಲ್ಲಿ ಕಮರ್ಷಿಯಲ್ ಪೈಲಟ್ ಲೈಸೆನ್ಸ್, ಅಂದರೆ ಸಿಪಿಎಲ್, ಕೊಡುವುದು ನಾಗರಿಕ ವಿಮಾನಯಾನ ಮಹಾನಿರ್ದೇಶನಾಲಯ. ಎಲ್ಲರ ಬಾಯಲ್ಲೂ ಅದು ಡಿಜಿಸಿಎ. ವಯಸ್ಸು 18 ತುಂಬಿರಬೇಕು, ಪಿಯುಸಿಯಲ್ಲಿ ಭೌತಶಾಸ್ತ್ರ ಮತ್ತು ಗಣಿತ ಪಾಸಾಗಿರಬೇಕು, ಒಂದನೇ ದರ್ಜೆಯ ವೈದ್ಯಕೀಯ ತಪಾಸಣೆ ಆಗಿರಬೇಕು. ನ್ಯಾವಿಗೇಷನ್, ಹವಾಮಾನ, ನಿಯಮಾವಳಿ, ತಾಂತ್ರಿಕ ವಿಷಯಗಳ ಪತ್ರಿಕೆಗಳಲ್ಲಿ ಶೇಕಡಾ 70 ಬರಬೇಕು. ಇಷ್ಟು ಎಲ್ಲ ಬ್ರೋಷರುಗಳಲ್ಲೂ ದಪ್ಪಕ್ಷರದಲ್ಲಿ ಇರುತ್ತದೆ.

ಹಾರಾಟದ ಲೆಕ್ಕ ಸಣ್ಣಕ್ಷರದಲ್ಲಿ. ಒಟ್ಟು 200 ಗಂಟೆ ಹಾರಿರಬೇಕು. ಅದರಲ್ಲಿ 100 ಗಂಟೆ ತಾನೇ ಜವಾಬ್ದಾರಿ ಹೊತ್ತ ‘ಪೈಲಟ್ ಇನ್ ಕಮಾಂಡ್’. ಒಂದು ಊರಿನಿಂದ ಇನ್ನೊಂದಕ್ಕೆ ಹೋಗುವ ಕ್ರಾಸ್ ಕಂಟ್ರಿ 20 ಗಂಟೆ. ಅದರಲ್ಲೊಂದು ಹಾರಾಟ 300 ನಾಟಿಕಲ್ ಮೈಲಿಗೆ ಕಡಿಮೆಯಿರಬಾರದು, ದಾರಿಯಲ್ಲಿ ಬೇರೆ ಬೇರೆ ಎರಡು ನಿಲ್ದಾಣಗಳಲ್ಲಿ ಇಳಿದು ನಿಲ್ಲಿಸಿರಬೇಕು. ರಾತ್ರಿ 5 ಗಂಟೆ, ಹತ್ತು ಸಲ ಏರಿ ಹತ್ತು ಸಲ ಇಳಿದು. ಹೊರಗೆ ನೋಡದೆ ಉಪಕರಣಗಳನ್ನೇ ನಂಬಿ ಹಾರುವ ಇನ್‌ಸ್ಟ್ರುಮೆಂಟ್ ಅಭ್ಯಾಸ 10 ಗಂಟೆ. ಸಿಮ್ಯುಲೇಟರಿಗೆ ಜಾಗ ಸಿಗುವುದು ಈ ಹತ್ತರಲ್ಲಿ. ಅದೂ ಅನುಮೋದಿತ ಸಿಮ್ಯುಲೇಟರಿನಲ್ಲಿ, 5 ಗಂಟೆಗೆ ಮೀರದಂತೆ.

ಮೋಡದೊಳಗೆ ಹಾರುವ ಅರ್ಹತೆಯಾದ ಇನ್‌ಸ್ಟ್ರುಮೆಂಟ್ ರೇಟಿಂಗಿಗೆ ಒಟ್ಟು 40 ಗಂಟೆ ಉಪಕರಣ ಹಾರಾಟ ಬೇಕು, ಅದರಲ್ಲಿ 20 ಗಂಟೆಯವರೆಗೆ ಸಿಮ್ಯುಲೇಟರ್ ನಡೆಯುತ್ತದೆ. ಅದಕ್ಕೇ ನಮ್ಮ ಶಾಲೆಗಳ ಪ್ಯಾಕೇಜಿನಲ್ಲಿ ಒಂದೆಂಜಿನ್ ವಿಮಾನದಲ್ಲಿ 185 ಗಂಟೆ, ಎರಡೆಂಜಿನ್‌ನಲ್ಲಿ 15, ಜೊತೆಗೆ ಸಿಮ್ಯುಲೇಟರ್ 20 ಎಂಬ ಬಗೆಯ ವಿಂಗಡಣೆ ಕಾಣುವುದು. ಹಾಗಾಗಿ ‘ಅರ್ಧ ಟ್ರೈನಿಂಗು ಅದರಲ್ಲೇ’ ಎಂದವರು ಒಂದೋ ನಿಯಮ ಓದಿಲ್ಲ, ಇಲ್ಲವೇ ಓದಿಯೂ ಹಾಗೆ ಹೇಳುತ್ತಿದ್ದಾರೆ. ಎರಡನೆಯದು ಹೆಚ್ಚು ಅಪಾಯ.

ಎಫ್‌ಐಆರ್, ಆದರೆ ಪೊಲೀಸರದ್ದಲ್ಲ

ಲೈಸೆನ್ಸ್ ಇದ್ದವರೆಲ್ಲ ವಿಮಾನ ಹಾರಿಸಬಹುದು, ಕಲಿಸುವಂತಿಲ್ಲ. ಕಲಿಸಲು ಲೈಸೆನ್ಸಿನ ಮೇಲೆ ಇನ್ನೊಂದು ಮುದ್ರೆ ಬೇಕು. ನಮ್ಮಲ್ಲಿ ಅದು ಎರಡು ಮೆಟ್ಟಿಲು. ಮೊದಲನೆಯದು ಅಸಿಸ್ಟೆಂಟ್ ಫ್ಲೈಟ್ ಇನ್‌ಸ್ಟ್ರಕ್ಟರ್ ರೇಟಿಂಗ್, ಫ್ಲೈಯಿಂಗ್ ಕ್ಲಬ್ಬಿನ ಭಾಷೆಯಲ್ಲಿ ‘ಎಎಫ್‌ಐಆರ್’. ಇವರು ಹಿರಿಯರ ಮೇಲ್ವಿಚಾರಣೆಯಲ್ಲಿ ಕಲಿಸಬೇಕು. ಹಾಗೆ ಕಲಿಸಿದ ಗಂಟೆಗಳು ಸಾಕಷ್ಟು ಕೂಡಿದ ಮೇಲೆ, ಮತ್ತೆ ಪರೀಕ್ಷೆಗೆ ಕೂತು, ಪೂರ್ಣ ಫ್ಲೈಟ್ ಇನ್‌ಸ್ಟ್ರಕ್ಟರ್ ರೇಟಿಂಗ್, ‘ಎಫ್‌ಐಆರ್’. “ನಂಗೆ ಎಫ್‌ಐಆರ್ ಆಯ್ತು” ಎಂದು ಯುವಕನೊಬ್ಬ ಮನೆಗೆ ಫೋನ್ ಮಾಡಿ, ಅಮ್ಮ ಹೌಹಾರಿದ ಕಥೆ ಈ ವಲಯದಲ್ಲಿ ಚಲಾವಣೆಯಲ್ಲಿದೆ. ನಿಜವೋ ಕಟ್ಟಿದ್ದೋ, ಚೆನ್ನಾಗಿದೆ. ಇವರ ಮೇಲೆ ಡೆಪ್ಯುಟಿ ಸಿಎಫ್‌ಐ, ಎಲ್ಲರ ಮೇಲೆ ಚೀಫ್ ಫ್ಲೈಟ್ ಇನ್‌ಸ್ಟ್ರಕ್ಟರ್, ಅಂದರೆ ಸಿಎಫ್‌ಐ. ಶಾಲೆಯ ಹಾರಾಟಕ್ಕೆಲ್ಲ ಉತ್ತರ ಕೊಡಬೇಕಾದವರು ಅವರು.

ಇನ್‌ಸ್ಟ್ರಕ್ಟರ್ ಆಗಲು ಹೊರಟವರು ಕಲಿಯುವುದೇನು? ಮೊದಲಿಗೆ ಕೂರುವ ಜಾಗವೇ ಬದಲು. ವಿದ್ಯಾರ್ಥಿ ಎಡಸೀಟಿನಲ್ಲಿ, ಗುರು ಬಲಸೀಟಿನಲ್ಲಿ. ಇನ್ನೂರು ಗಂಟೆ ಎಡಗೈಯಲ್ಲಿ ಯೋಕ್, ಅಂದರೆ ವಿಮಾನದ ಸ್ಟೀರಿಂಗ್, ಹಿಡಿದು, ಬಲಗೈಯಲ್ಲಿ ಥ್ರಾಟಲ್ ದೂಡಿದವನಿಗೆ ಈಗ ಎಲ್ಲ ಅದಲು ಬದಲು. ಇಷ್ಟು ದಿನ ಕಣ್ಣಿಗೆ ಒಗ್ಗಿದ್ದ ರನ್‌ವೇ ಕೂಡ ಬೇರೆ ಕೋನದಲ್ಲಿ ಕಾಣುತ್ತದೆ. ಮೊದಲ ವಾರ ಎಡಗೈಯಲ್ಲಿ ಅಕ್ಷರ ತಿದ್ದಿದ ಹಾಗೆ.

ಅದಾದ ಮೇಲೆ ‘ಪ್ಯಾಟರ್’. ನಮ್ಮ ಫ್ಲೈಯಿಂಗ್ ಶಾಲೆಗಳಲ್ಲಿ ಇನ್‌ಸ್ಟ್ರಕ್ಟರ್ ತರಬೇತಿಯ ಜೀವಾಳ ಇದು. ಪ್ಯಾಟರ್ ಎಂದರೆ ಕೈ ಮಾಡುತ್ತಿರುವುದನ್ನು ಬಾಯಿ ಅದೇ ಗಳಿಗೆಯಲ್ಲಿ ಹೇಳುವುದು. ಎಡಕ್ಕೆ ತಿರುಗುವ ಸರಳ ಪಾಠವನ್ನೇ ನೋಡಿ. ಇಂಗ್ಲಿಷಿನಲ್ಲಿ ನಡೆಯುವ ಆ ಮಾತು ಕನ್ನಡದಲ್ಲಾದರೆ ಹೀಗಿದ್ದೀತು: “ಬಲಗಡೆ ನೋಡಿದೆ, ಎದುರು ನೋಡಿದೆ, ಎಡಗಡೆ ನೋಡಿದೆ, ಯಾರೂ ಇಲ್ಲ. ಈಗ ಯೋಕು ಎಡಕ್ಕೆ, ಜೊತೆಜೊತೆಗೇ ಕಾಲಲ್ಲಿ ಎಡ ರಡ್ಡರ್. ಸಾಕು, ಯೋಕು ನಡುವಿಗೆ. ಮೂಗು ನೋಡಿ, ಇಳೀತಿದೆ. ಒಂಚೂರು ಹಿಂದಕ್ಕೆ ಎಳೆದೆ. ಈಗ ನಿಂತಿತು.” ‘ಮೂಗು ಇಳೀತಿದೆ’ ಎನ್ನುವ ಮಾತು ಮೂಗು ಇಳಿಯುವಾಗಲೇ ಬರಬೇಕು. ಅರ್ಧ ಸೆಕೆಂಡು ತಡವಾದರೆ ಹುಡುಗ ಮಾತನ್ನು ಇನ್ನೊಂದು ಚಲನೆಗೆ ಗಂಟು ಹಾಕಿಕೊಳ್ಳುತ್ತಾನೆ. ಕ್ರಿಕೆಟ್ ವೀಕ್ಷಕ ವಿವರಣೆ ಸುಲಭ, ಬ್ಯಾಟ್ ಬೇರೆಯವರ ಕೈಯಲ್ಲಿರುತ್ತದೆ. ಇಲ್ಲಿ ಆಡುವವನೇ ವಿವರಿಸಬೇಕು, ಅದೂ ಎಂಜಿನ್ ಸದ್ದಿನಲ್ಲಿ, ರೇಡಿಯೊದಲ್ಲಿ ಟವರ್ ಕೂಗುತ್ತಿರುವಾಗ.

ಮಾತು ಮುಗಿದ ಮೇಲೆ ಹಸ್ತಾಂತರ. “ಯು ಹ್ಯಾವ್ ಕಂಟ್ರೋಲ್” ಎಂದು ಗುರು ಹೇಳಬೇಕು, “ಐ ಹ್ಯಾವ್ ಕಂಟ್ರೋಲ್” ಎಂದು ಶಿಷ್ಯ ಒಪ್ಪಿಸಿಕೊಳ್ಳಬೇಕು. ಹೇಳದೆ ಯಾರೂ ಕೈ ಬಿಡುವಂತಿಲ್ಲ. ವಿಮಾನ ನಿನ್ನ ಕೈಯಲ್ಲಿದೆ ಎಂದು ಇಬ್ಬರೂ ಅಂದುಕೊಂಡರೆ ಅದು ಯಾರ ಕೈಯಲ್ಲೂ ಇಲ್ಲ.

ಆದರೆ ನನಗೆ ಕಂಡಂತೆ ಇನ್‌ಸ್ಟ್ರಕ್ಟರಿಗೆ ತೀರಾ ಕಷ್ಟದ ಕೆಲಸ ಮಾತಾಡುವುದಲ್ಲ, ಕೈ ಕಟ್ಟಿ ಕೂರುವುದು. ವಿದ್ಯಾರ್ಥಿ ಇಳಿಯಲು ಬರುತ್ತಿದ್ದಾನೆ. ರನ್‌ವೇ ಇನ್ನೂ ಹದಿನೈದಡಿ ಕೆಳಗಿರುವಾಗಲೇ ಮೂಗೆತ್ತಿಬಿಟ್ಟ. ವಿಮಾನ ತೇಲಿತು, ವೇಗ ಸೋರುತ್ತಿದೆ. ಬಲಸೀಟಿನಲ್ಲಿರುವವರ ಕೈ ತೊಡೆಯಿಂದ ನಾಲ್ಕು ಬೆರಳು ಮೇಲೆದ್ದಿದೆ, ಯೋಕಿನ ಹಿಂದೆ ಗಾಳಿಯಲ್ಲೇ ನಿಂತಿದೆ. ಈಗಲೇ ಹಿಡಿದರೆ ವಿಮಾನ ಮೆತ್ತಗೆ ಇಳಿಯುತ್ತದೆ, ಹುಡುಗ ಏನೂ ಕಲಿಯುವುದಿಲ್ಲ. ಒಂದು ಸೆಕೆಂಡು ಹೆಚ್ಚು ಬಿಟ್ಟರೆ ಮುಂದಿನ ಗಾಲಿ ಮುರಿಯುತ್ತದೆ. ಆ ಒಂದು ಸೆಕೆಂಡು ಎಲ್ಲಿ ಮುಗಿಯುತ್ತದೆ ಎಂಬುದನ್ನು ಯಾವ ಲಿಖಿತ ಪರೀಕ್ಷೆಯೂ ಅಳೆಯದು. ಹುಡುಗನನ್ನು ಮೊದಲ ಸಲ ಒಂಟಿಯಾಗಿ, ಸೋಲೋ, ಬಿಡುವ ಮುನ್ನ ಬೇರೊಬ್ಬ ಹಿರಿಯ ಇನ್‌ಸ್ಟ್ರಕ್ಟರ್ ಜೊತೆಗೆ ಹಾರಿ ನೋಡುವ ಪದ್ಧತಿ ಇರುವುದೂ ಇದಕ್ಕೇ. ಕಲಿಸಿದವರ ಕಣ್ಣು ಒಮ್ಮೊಮ್ಮೆ ಮಮಕಾರಕ್ಕೆ ಮಂಜಾಗುತ್ತದೆ.

ಹಾರ್ಮೋನಿಯಂ ತಿದಿಯಿಂದ ಹುಟ್ಟಿದ ಯಂತ್ರ

ಇನ್ನು ಆ ನೀಲಿ ಬೆಳಕಿನ ಕೋಣೆಗೆ ಬರೋಣ. ಸಿಮ್ಯುಲೇಟರನ್ನು ಹೀಗಳೆಯುವುದು ನನ್ನ ಉದ್ದೇಶವಲ್ಲ. ಈ ಯಂತ್ರದ ಹುಟ್ಟೇ ಒಂದು ಸೊಗಸಾದ ಕಥೆ. ಅಮೆರಿಕದ ನ್ಯೂಯಾರ್ಕ್ ರಾಜ್ಯದ ಬಿಂಗ್‌ಹ್ಯಾಮ್ಟನ್‌ನಲ್ಲಿ ಎಡ್ವಿನ್ ಲಿಂಕ್ ಎಂಬ ಯುವಕನ ತಂದೆಗೆ ಪೈಪ್ ಆರ್ಗನ್ ತಯಾರಿಸುವ ಕಾರ್ಖಾನೆಯಿತ್ತು. ಚರ್ಚುಗಳಲ್ಲಿ ನುಡಿಸುವ ಆ ವಾದ್ಯದ ಉಸಿರು ತಿದಿ, ನಮ್ಮ ಹಾರ್ಮೋನಿಯಮ್ಮಿನದೂ ಅದೇ ತತ್ವ. ಹಾರಾಟದ ಹುಚ್ಚಿದ್ದ ಲಿಂಕ್‌ಗೆ ಪಾಠದ ಶುಲ್ಕ ಭಾರವೆನಿಸಿತು. ಒಂದು ಮರದ ಪುಟ್ಟ ವಿಮಾನ ಮಾಡಿ, ಅದರಡಿ ಆರ್ಗನ್ನಿನ ತಿದಿಗಳನ್ನಿಟ್ಟು, ಕೋಲು ಅಲ್ಲಾಡಿಸಿದರೆ ಅದು ವಾಲುವಂತೆ, ಏಳುವಂತೆ ಮಾಡಿದ. 1929ರ ಹೊತ್ತಿಗೆ ಯಂತ್ರ ಸಿದ್ಧವಾಗಿತ್ತು. ಕೊಂಡವರು ಬಹುಪಾಲು ಜಾತ್ರೆ, ಮನರಂಜನಾ ಪಾರ್ಕಿನವರು.

1934ರಲ್ಲಿ ಅಮೆರಿಕ ಸರ್ಕಾರ ಟಪಾಲು ಸಾಗಿಸುವ ಕೆಲಸವನ್ನು ಸೇನಾ ಪೈಲಟ್‌ಗಳಿಗೆ ವಹಿಸಿತು. ಚಳಿಗಾಲ, ಮೋಡ, ರಾತ್ರಿ. ಉಪಕರಣ ನೋಡಿ ಹಾರುವ ರೂಢಿ ಆ ಹುಡುಗರಿಗಿರಲಿಲ್ಲ. ಸಾಲು ಸಾಲು ಅಪಘಾತ, ಸಾವು. ಆಮೇಲೆ ಸೇನೆ ಲಿಂಕ್ ಬಳಿ ಆರು ಯಂತ್ರ ಕೊಂಡಿತು, ಒಂದಕ್ಕೆ 3,500 ಡಾಲರ್. ಎರಡನೇ ಮಹಾಯುದ್ಧದಲ್ಲಿ ಈ ‘ನೀಲಿ ಡಬ್ಬಿ’ಯೊಳಗೆ ಕೂರದ ಮಿತ್ರಪಕ್ಷದ ಪೈಲಟ್ ಸಿಗುವುದು ಕಷ್ಟ.

ಮೋಡದೊಳಗೆ ಅಷ್ಟೇನು ಕಷ್ಟ? ನಮ್ಮ ಒಳಗಿವಿ ಮೋಸಗಾರ. ನಿಧಾನವಾಗಿ, ಒಂದೇ ಸಮ ತಿರುಗುತ್ತಿದ್ದರೆ ಸ್ವಲ್ಪ ಹೊತ್ತಿಗೆ ಅದು ‘ನೇರ ಹೋಗುತ್ತಿದ್ದೀಯ’ ಎನ್ನತೊಡಗುತ್ತದೆ. 1954ರಲ್ಲಿ ಅಮೆರಿಕದ ಇಲಿನಾಯ್ ವಿಶ್ವವಿದ್ಯಾಲಯದವರು ಉಪಕರಣ ಹಾರಾಟ ಕಲಿಯದ 20 ಜನರನ್ನು, ಪಕ್ಕದಲ್ಲಿ ಇನ್‌ಸ್ಟ್ರಕ್ಟರನ್ನು ಕೂರಿಸಿ, ಹೊರಗಿನದು ಕಾಣದಂತೆ ಮಾಡಿ ವಿಮಾನ ಹಾರಿಸಲು ಬಿಟ್ಟರು. ಇಪ್ಪತ್ತೂ ಜನ ಹತೋಟಿ ತಪ್ಪಿದರು. ಸರಾಸರಿ ಹಿಡಿದ ಸಮಯ 178 ಸೆಕೆಂಡು. ಮೂರು ನಿಮಿಷವೂ ಇಲ್ಲ.

ತಮಾಷೆಯೆಂದರೆ, ಇವತ್ತಿನ ದೊಡ್ಡ ಸಿಮ್ಯುಲೇಟರ್ ನಡೆಯುವುದು ಇದೇ ಕಿವಿಯ ಮೋಸದ ಮೇಲೆ. ಆರು ಕಾಲಿನ ಮೇಲೆ ನಿಂತ ಆ ಡಬ್ಬಿ ಕೋಣೆಯಿಂದಾಚೆಗೆ ಒಂದಡಿಯೂ ಹೋಗಲಾರದು. ಆದರೂ ಟೇಕಾಫಿನಲ್ಲಿ ಬೆನ್ನು ಸೀಟಿಗೆ ಒತ್ತುತ್ತದೆ. ಹೇಗೆ? ಡಬ್ಬಿ ಗೊತ್ತಾಗದಂತೆ ಹಿಂದಕ್ಕೆ ವಾಲುತ್ತದೆ, ಪರದೆಯ ಮೇಲಿನ ದಿಗಂತ ಮಾತ್ರ ನೇರವಾಗಿಯೇ ಇರುತ್ತದೆ. ಬೆನ್ನನ್ನು ಒತ್ತುತ್ತಿರುವುದು ಗುರುತ್ವ, ಮಿದುಳು ಅದನ್ನು ವೇಗ ಏರುತ್ತಿದೆ ಎಂದು ಓದಿಕೊಳ್ಳುತ್ತದೆ. ಮೋಡದಲ್ಲಿ ಪೈಲಟ್ಟನ್ನು ಕೊಲ್ಲುವ ಭ್ರಮೆಯನ್ನೇ ಇಲ್ಲಿ ಪಾಠಕ್ಕೆ ಹಚ್ಚಿದ್ದಾರೆ.

ಇಂಥ ‘ಫುಲ್ ಫ್ಲೈಟ್ ಸಿಮ್ಯುಲೇಟರ್’ಗಳಿಗೆ ಎ, ಬಿ, ಸಿ, ಡಿ ಎಂದು ದರ್ಜೆ, ಡಿ ಎಲ್ಲಕ್ಕಿಂತ ಮೇಲು. ಏರ್‌ಬಸ್, ಬೋಯಿಂಗ್ ಹಾರಿಸಲು ಕಲಿಯುವ ಟೈಪ್ ರೇಟಿಂಗ್ ಕೋರ್ಸಿನ ಬಹುಭಾಗ ಇದರಲ್ಲೇ ಆಗುತ್ತದೆ. ಏರ್‌ಲೈನ್ ಪೈಲಟ್‌ಗಳು ಆರು ತಿಂಗಳಿಗೊಮ್ಮೆ ಪರೀಕ್ಷೆ ಕೊಡಲು ಮತ್ತೆ ಇದರೊಳಗೆ ಹೋಗಬೇಕು. ಬೆಂಗಳೂರಿನಲ್ಲೂ ಇಂಥ ಕೇಂದ್ರಗಳಿವೆ. ಎಚ್‌ಎಎಲ್ ಮತ್ತು ಕೆನಡಾದ ಸಿಎಇ ಕೂಡಿ ನಡೆಸುವ ‘ಹ್ಯಾಟ್ಸಾಫ್’ ಹೆಲಿಕಾಪ್ಟರ್ ಅಕಾಡೆಮಿಯಲ್ಲಿ ಅಲ್ಲಾಡುವ ತಳ ಒಂದೇ, ಮೇಲಿನ ಕಾಕ್‌ಪಿಟ್ ಮಾತ್ರ ಬದಲಾಯಿಸಬಹುದು: ನಮ್ಮ ಧ್ರುವ್ ಬೇಕಾದರೆ ಧ್ರುವ್, ಬೆಲ್ 412 ಬೇಕಾದರೆ ಅದು. ಮಿಕ್ಸಿಯ ಮೋಟರ್ ಒಂದೇ, ಜಾರು ಬೇರೆ ಎಂದ ಹಾಗೆ. ನಿಮ್ಮ ಮಗ ಸಿಪಿಎಲ್‌ಗೆ ಸೇರುವ ಶಾಲೆಯಲ್ಲಿರುವುದು ಬಹುಮಟ್ಟಿಗೆ ಈ ಜಾತಿಯದಲ್ಲ. ಅಲ್ಲಾಡದ, ಮುಂದೆ ಪರದೆ ಇರುವ ಚಿಕ್ಕ ಸಾಧನ ಅದು. ಅಲ್ಲಾಡುವುದಿಲ್ಲ ಎಂಬುದು ಕೊರತೆಯೇನಲ್ಲ, ಆ ಹಂತದ ಪಾಠಕ್ಕೆ ಅಷ್ಟು ಸಾಕು.

ಹಿಂದೆ ಕೂತವರು

ಒಮ್ಮೆ ಇಂಥದೊಂದು ಚಿಕ್ಕ ಸಿಮ್ಯುಲೇಟರ್ ಹಿಂದೆ ನಿಂತು ಪಾಠ ನೋಡಿದ್ದೆ. ಹುಡುಗಿಯೊಬ್ಬಳು ಪರದೆಯ ಬೂದು ಮೋಡದೊಳಗೆ ಹಾರಿಸುತ್ತಿದ್ದಳು, ನೆಟ್ಟಗೆ, ಎತ್ತರ ಒಂದಿಷ್ಟೂ ಕದಲದಂತೆ. ಹಿಂದೆ ಕೂತ ಇನ್‌ಸ್ಟ್ರಕ್ಟರ್ ಏನೂ ಮಾತಾಡದೆ ತಮ್ಮ ಪರದೆಯಲ್ಲಿ ಒಂದು ಚೌಕ ಒತ್ತಿದರು. ವ್ಯಾಕ್ಯೂಮ್ ಪಂಪ್ ಕೆಟ್ಟಿತು.

ಏನೂ ಆಗಲಿಲ್ಲ. ಸದ್ದಿಲ್ಲ, ಕೆಂಪು ದೀಪವಿಲ್ಲ. ಹಳೆಯ ಮಾದರಿಯ ಸೆಸ್ನಾಗಳಲ್ಲಿ ದಿಗಂತ ತೋರಿಸುವ ಗೇಜಿನೊಳಗಿನ ಬುಗುರಿ ಈ ಪಂಪಿನ ಗಾಳಿಯಿಂದ ತಿರುಗುತ್ತದೆ. ಪಂಪ್ ನಿಂತರೂ ಬುಗುರಿ ತಕ್ಷಣ ಬೀಳದು, ನಿಧಾನ ಸೋಲುತ್ತದೆ. ವಿಮಾನ ಬಲಕ್ಕೆ ವಾಲುತ್ತಿದೆ ಎಂದು ಗೇಜು ಮೆಲ್ಲಗೆ ತೋರಿಸತೊಡಗಿತು. ಹುಡುಗಿ ಅದನ್ನು ನಂಬಿ, ಸರಿಪಡಿಸಲೆಂದು ಯೋಕನ್ನು ಎಡಕ್ಕೆ ತಿರುಗಿಸಿದಳು. ಈಗ ವಿಮಾನ ನಿಜಕ್ಕೂ ವಾಲಿತು. ವೇಗ ಏರಿತು, ಎತ್ತರದ ಮುಳ್ಳು ಇಳಿಯತೊಡಗಿತು. ಆಕೆ ಇನ್ನೂ ಅದೇ ಗೇಜನ್ನು ದಿಟ್ಟಿಸುತ್ತಿದ್ದಳು. ಇನ್‌ಸ್ಟ್ರಕ್ಟರ್ ತುಟಿ ಬಿಚ್ಚಲಿಲ್ಲ. ನನಗೇ ತಡೆಯಲಾಗದೆ ಒಂದು ಹೆಜ್ಜೆ ಮುಂದಿಟ್ಟೆ. ಅವರು ಕೈ ಅಡ್ಡ ಹಿಡಿದರು. ಕೊನೆಗೆ ಇನ್ನೊಂದು ಚೌಕ ಒತ್ತಿದರು. ಎಲ್ಲ ಇದ್ದಲ್ಲೇ ನಿಂತಿತು, ನೆಲ ಮುನ್ನೂರಡಿ ಕೆಳಗೆ.

“ಆರು ಗೇಜ್ ಇವೆ. ಸುಳ್ಳು ಹೇಳ್ತಿರೋದು ಯಾವುದಮ್ಮ?” ಎಂದರು.

ಆಕೆ ಒಂದೊಂದೇ ನೋಡಿ, ತಿರುವು ತೋರಿಸುವ ವಿದ್ಯುತ್ ಗೇಜಿನ ಮೇಲೆ ಬೆರಳಿಟ್ಟು, “ಇದು ಎಡಕ್ಕೆ ತಿರುಗ್ತಿದೀಯ ಅಂತಿದೆ ಸಾರ್, ಅದು ಬಲಕ್ಕೆ ಅಂತಿದೆ” ಎಂದಳು. ಆಮೇಲೆ ಅವರು ಅದೇ ದೋಷವನ್ನು ಮತ್ತೆ ಮೂರು ಸಲ ಕೊಟ್ಟರು, ಪ್ರತಿ ಸಲವೂ ಬೇರೆ ಗಳಿಗೆಯಲ್ಲಿ.

ನಿಜ ವಿಮಾನದಲ್ಲಿ ಈ ಪಾಠ ಮಾಡಲಾಗುವುದಿಲ್ಲ. ಅಲ್ಲಿ ಇನ್‌ಸ್ಟ್ರಕ್ಟರ್ ಹೆಚ್ಚೆಂದರೆ ಗೇಜಿಗೆ ಒಂದು ಮುಚ್ಚಳ ಅಂಟಿಸಿ ‘ಇದು ಕೆಟ್ಟಿದೆ’ ಎನ್ನಬಹುದು. ಕೆಟ್ಟದ್ದು ಕೆಟ್ಟಿದೆ ಎಂದು ಗೊತ್ತಾದ ಮೇಲೆ ಕಷ್ಟವೇನಿಲ್ಲ. ಕಷ್ಟ ಇರುವುದು ಗೊತ್ತಾಗುವುದಕ್ಕೆ ಮುಂಚಿನ ಅರ್ಧ ನಿಮಿಷದಲ್ಲಿ, ಆ ಅರ್ಧ ನಿಮಿಷವನ್ನು ಸಾಯದೆ ಅನುಭವಿಸಲು ಸಿಮ್ಯುಲೇಟರೇ ಬೇಕು. ಇನ್ನೊಂದು ಲಾಭ ಸಮಯದ್ದು. ಇಳಿಯುವ ಅಪ್ರೋಚ್ ಒಂದು ಮುಗಿದರೆ ವಿಮಾನ ಮತ್ತೆ ಸುತ್ತಿ ಬರಲು ಹತ್ತು ಹದಿನೈದು ನಿಮಿಷ, ಸಿಮ್ಯುಲೇಟರಿನಲ್ಲಿ ಒಂದು ಗುಂಡಿ.

ಆದರೆ ಆ ದಿನ ಕಲಿಸಿದ್ದು ಯಂತ್ರವಲ್ಲ. ಯಾವಾಗ ಒತ್ತಬೇಕು, ಎಷ್ಟು ಹೊತ್ತು ಸುಮ್ಮನಿರಬೇಕು, ನಿಲ್ಲಿಸಿ ಯಾವ ಪ್ರಶ್ನೆ ಕೇಳಬೇಕು ಎಂದು ಬಲ್ಲ ಮನುಷ್ಯ ಕಲಿಸಿದರು. ಇದೇ ಯಂತ್ರದಲ್ಲಿ ವಿದ್ಯಾರ್ಥಿಯನ್ನು ಕೂರಿಸಿ, ‘ಒಂದು ಗಂಟೆ ಹಾರಿಸ್ತಿರು’ ಎಂದು ಹೇಳಿ ಕ್ಯಾಂಟೀನಿಗೆ ಹೋಗುವವರೂ ಇದ್ದಾರೆ. ಲಾಗ್‌ಬುಕ್ಕಿನಲ್ಲಿ ಎರಡೂ ಒಂದೊಂದು ಗಂಟೆಯೇ.

ಯಂತ್ರ ತಪ್ಪು ಕಲಿಸಿದರೆ? 2001ರ ನವೆಂಬರ್ 12ರಂದು ನ್ಯೂಯಾರ್ಕಿನಿಂದ ಹೊರಟ ಅಮೆರಿಕನ್ ಏರ್‌ಲೈನ್ಸ್‌ನ 587ನೇ ಹಾರಾಟ, ಏರ್‌ಬಸ್ ಎ300, ಮುಂದೆ ಹೋದ ದೊಡ್ಡ ವಿಮಾನ ಎಬ್ಬಿಸಿದ ಗಾಳಿಸುಳಿಗೆ ಸಿಕ್ಕಿತು. ಸುಳಿ ಅಂಥ ಅಪಾಯದ್ದೇನಲ್ಲ. ಸಹಪೈಲಟ್ ರಡ್ಡರ್ ಪೆಡಲುಗಳನ್ನು ಎಡಕ್ಕೂ ಬಲಕ್ಕೂ ಜೋರಾಗಿ ತುಳಿದರು, ಬಾಲದ ಲಂಬ ರೆಕ್ಕೆಯೇ ಕಿತ್ತುಹೋಯಿತು. ನೆಲದ ಮೇಲಿದ್ದ ಐವರೂ ಸೇರಿ 265 ಜನ ಸತ್ತರು. ಅಮೆರಿಕದ ಸಾರಿಗೆ ಸುರಕ್ಷತಾ ಮಂಡಳಿ ಅತಿಯಾದ ಪೆಡಲ್ ಪ್ರಯೋಗವನ್ನು ಮೂಲ ಕಾರಣವೆಂದಿತು. ಪೂರಕವಾಗಿ ಹೆಸರಿಸಿದ್ದು ಎರಡು: ಆ ವಿಮಾನದ ರಡ್ಡರ್ ವಿನ್ಯಾಸ, ಮತ್ತು ಸಂಸ್ಥೆಯ ವಿಶೇಷ ತರಬೇತಿಯ ಕೆಲವು ಅಂಶಗಳು. ಆ ತರಬೇತಿಯ ಸಿಮ್ಯುಲೇಟರ್ ಪಾಠದಲ್ಲಿ ಗಾಳಿಸುಳಿಯನ್ನು ಇರುವುದಕ್ಕಿಂತ ಭಯಂಕರವಾಗಿ ತೋರಿಸಲಾಗಿತ್ತು. ಇಲ್ಲದ ಹುಲಿಗೆ ಹೆದರಿಸಿದ ಪಾಠ ಅದು. ಈ ವೃತ್ತಿಯಲ್ಲಿ ಇದನ್ನು ‘ನೆಗೆಟಿವ್ ಟ್ರೈನಿಂಗ್’ ಎನ್ನುತ್ತಾರೆ, ಕಲಿತದ್ದೇ ಮುಳುವಾಗುವುದು.

ಮನೆಯ ಕಂಪ್ಯೂಟರಿನ ಸಿಮ್ಯುಲೇಟರ್ ಗೇಮಿಗೂ ಈ ಮಾತು ಸಲ್ಲುತ್ತದೆ. ಗೇಮಿನಲ್ಲಿ ಪಳಗಿ ಬಂದ ಹುಡುಗರಿಗೆ ಗೇಜ್ ಓದಲು ಬರುತ್ತದೆ, ಕಾಲು ಕೆಲಸ ಮಾಡುವುದಿಲ್ಲ. ರಡ್ಡರ್ ಅಂದರೇನೆಂದು ಪಾದಕ್ಕೆ ಗೊತ್ತಿರುವುದಿಲ್ಲ, ಕಣ್ಣು ಹೊರಗಿನ ದಿಗಂತ ಬಿಟ್ಟು ಪ್ಯಾನೆಲಿಗೆ ಅಂಟಿರುತ್ತದೆ. ಆ ಅಂಟು ಬಿಡಿಸಲು ಇನ್‌ಸ್ಟ್ರಕ್ಟರುಗಳು ಒಮ್ಮೊಮ್ಮೆ ಪ್ಯಾನೆಲಿನ ಮೇಲೆ ಚಾರ್ಟನ್ನೇ ಹೊದಿಸುತ್ತಾರೆ. ಮನೆಯಲ್ಲಿ ಆಡುವುದಾದರೆ ಆಡಲಿ, ಚೆಕ್‌ಲಿಸ್ಟ್ ಬಾಯಿಪಾಠಕ್ಕೆ, ರೇಡಿಯೊ ಮಾತಿಗೆ, ನ್ಯಾವಿಗೇಷನ್ ಸೂಜಿ ಹಿಂಬಾಲಿಸುವ ಅಭ್ಯಾಸಕ್ಕೆ. ಲ್ಯಾಂಡಿಂಗ್ ಅಭ್ಯಾಸ ಮಾತ್ರ ಬೇಡ.

ಕಡಲಾಚೆಯ ಲೆಕ್ಕ

ನಮ್ಮ ಹುಡುಗರು ಅನೇಕರು ಅಮೆರಿಕಕ್ಕೆ ಹೋಗಿ ಲೈಸೆನ್ಸ್ ತಂದು ಇಲ್ಲಿ ಬದಲಾಯಿಸಿಕೊಳ್ಳುತ್ತಾರೆ. ಅಲ್ಲಿನ ವಿಮಾನಯಾನ ಆಡಳಿತವಾದ ಎಫ್‌ಎಎ ನಿಯಮದಲ್ಲಿ ಇನ್‌ಸ್ಟ್ರಕ್ಟರ್ ಆಗಲು 18 ವರ್ಷ, ಕಮರ್ಷಿಯಲ್ ಲೈಸೆನ್ಸ್, ಇನ್‌ಸ್ಟ್ರುಮೆಂಟ್ ರೇಟಿಂಗ್ ಬೇಕು. ಸ್ಪಿನ್‌ಗೆ ಬಿದ್ದು ಹೊರಬರುವ ತರಬೇತಿ ಆಗಿರಬೇಕು. ಹಾರಾಟದ ವಿಷಯದ ಪರೀಕ್ಷೆಯ ಜೊತೆಗೆ ‘ಕಲಿಸುವುದು ಹೇಗೆ’ ಎಂಬುದಕ್ಕೇ ಬೇರೆ ಪರೀಕ್ಷೆಯಿದೆ. ಹೈಸ್ಕೂಲ್ ಶಿಕ್ಷಕರ ಅರ್ಹತಾಪತ್ರ ಇದ್ದವರಿಗೆ ಅದರಿಂದ ವಿನಾಯಿತಿ. ಮೇಷ್ಟ್ರ ಕೆಲಸಕ್ಕೆ ಅಷ್ಟಾದರೂ ಮರ್ಯಾದೆ ಕೊಟ್ಟಿದ್ದಾರೆ ಎಂದು ನನಗೆ ಸಂತೋಷ. ಪಡೆದ ಅರ್ಹತೆಯನ್ನು 24 ತಿಂಗಳಿಗೊಮ್ಮೆ ಊರ್ಜಿತ ಮಾಡಿಕೊಳ್ಳುತ್ತಿರಬೇಕು.

ಅಲ್ಲಿ ಏರ್‌ಲೈನ್ ಸೇರಲು ಸಾಮಾನ್ಯವಾಗಿ 1,500 ಗಂಟೆ ಬೇಕು, ಕಮರ್ಷಿಯಲ್ ಲೈಸೆನ್ಸ್ 250ಕ್ಕೇ ಸಿಗುತ್ತದೆ. ನಡುವಿನ ಗಂಟೆ ತುಂಬಿಸಲು ಬಹಳಷ್ಟು ಮಂದಿ ಇನ್‌ಸ್ಟ್ರಕ್ಟರ್ ಆಗುತ್ತಾರೆ. ಹಾಗಾಗಿ ನಿಮ್ಮ ಮಗನಿಗೆ ಕಲಿಸುವವರು ಅವನಿಗಿಂತ ನಾಲ್ಕೇ ವರ್ಷ ದೊಡ್ಡವರಿರಬಹುದು. ಅದಕ್ಕೆ ಗಾಬರಿ ಬೇಡ. ತಾನು ಎಲ್ಲಿ ಎಡವಿದೆ ಎಂಬ ನೆನಪು ಹಸಿಯಾಗಿರುವ ಕಿರಿಯರು ಕೆಲವೊಮ್ಮೆ ಹಳೆಹುಲಿಗಳಿಗಿಂತ ಚೆನ್ನಾಗಿ ಕಲಿಸುತ್ತಾರೆ. ಗಾಬರಿಯಾಗಬೇಕಾದ್ದು ಕೋರ್ಸಿನ ನಡುವೆ ಅವರು ಏರ್‌ಲೈನಿಗೆ ಹಾರಿಹೋದಾಗ. ಹೊಸ ಇನ್‌ಸ್ಟ್ರಕ್ಟರ್ ಬಂದು ಅಳೆದು ನೋಡಿ ಪಾಠ ಮತ್ತೆ ಹಿಂದಿನಿಂದ ಶುರು, ಬಿಲ್ಲು ನಿಮಗೆ.

ಸಿಮ್ಯುಲೇಟರ್ ವಿಷಯದಲ್ಲಿ ಅಮೆರಿಕ ಧಾರಾಳಿ. ಸುಧಾರಿತ ದರ್ಜೆಯ ಸಾಧನವಾದರೆ ಕಮರ್ಷಿಯಲ್‌ನ 250ರಲ್ಲಿ 50 ಗಂಟೆವರೆಗೂ, ಇನ್‌ಸ್ಟ್ರುಮೆಂಟ್‌ನ 40ರಲ್ಲಿ 20 ಗಂಟೆವರೆಗೂ ಒಪ್ಪುತ್ತಾರೆ. ಇಲ್ಲೇ ನಮ್ಮವರು ಜಾರುವುದು. ಅಲ್ಲಿ ಲೆಕ್ಕಕ್ಕೆ ಬಂದ ಸಿಮ್ಯುಲೇಟರ್ ಗಂಟೆ ಇಲ್ಲಿ ಡಿಜಿಸಿಎ ಕೇಳುವ 200 ಹಾರಾಟದ ಗಂಟೆಗೆ ಸೇರುವುದಿಲ್ಲ. ಹೊರಡುವ ಮೊದಲೇ ಭಾರತದ ಪಟ್ಟಿ ಕೈಯಲ್ಲಿಟ್ಟುಕೊಂಡು, ರಾತ್ರಿ ಹಾರಾಟ, ಕ್ರಾಸ್ ಕಂಟ್ರಿ, ಕಮಾಂಡ್ ಗಂಟೆ ಎಲ್ಲವನ್ನೂ ಅದಕ್ಕೆ ಹೊಂದುವಂತೆ ಅಲ್ಲೇ ಮುಗಿಸಿಕೊಂಡು ಬರಬೇಕು. ಲಾಗ್‌ಬುಕ್ಕಿನಲ್ಲಿ ಸಿಮ್ಯುಲೇಟರಿಗೆ ಬೇರೆ ಅಂಕಣ ಇರುತ್ತದೆ; ಪ್ರತಿ ಪಾಠಕ್ಕೂ ಇನ್‌ಸ್ಟ್ರಕ್ಟರ್ ಸಹಿ, ಅವರ ಸರ್ಟಿಫಿಕೇಟ್ ಸಂಖ್ಯೆ ಬಿದ್ದಿರಬೇಕು. ವರ್ಷದ ಮೇಲೆ ಆ ಸಹಿ ಹುಡುಕಿಕೊಂಡು ಫ್ಲಾರಿಡಾಗೆ ಹೋಗಲಾದೀತೆ?

ಹೋಗಿ ಕೇಳಬೇಕಾದ್ದು

ಕರ್ನಾಟಕದವರಿಗೆ ದೂರ ಹೋಗಲೇಬೇಕೆಂದಿಲ್ಲ. ಜಕ್ಕೂರಿನಲ್ಲಿ ಸರ್ಕಾರದ್ದೇ ಹಳೆಯ ಶಾಲೆಯಿದೆ. 2021ರಲ್ಲಿ ವಿಮಾನ ನಿಲ್ದಾಣ ಪ್ರಾಧಿಕಾರ ಬೆಳಗಾವಿ, ಕಲಬುರಗಿ ನಿಲ್ದಾಣಗಳಲ್ಲಿ ತರಬೇತಿ ಶಾಲೆಗಳಿಗೆ ಜಾಗ ಕೊಟ್ಟಿತು. 2025ರಿಂದ ಡಿಜಿಸಿಎ ದೇಶದ ಶಾಲೆಗಳಿಗೆ ದರ್ಜೆ ಕೊಡಲು ಶುರುಮಾಡಿದೆ. ಆ ಪಟ್ಟಿಯಿಂದಲೇ ಹುಡುಕಾಟ ಆರಂಭಿಸಿ. ಅದೇ ವರ್ಷದ ಜನವರಿ 1ರಿಂದ ಹೊಸ ಭಾರತೀಯ ವಾಯುಯಾನ ಅಧಿನಿಯಮ ಜಾರಿಯಲ್ಲಿದೆ. ಆದ್ದರಿಂದ ನಿಯಮದ ಮಾತನ್ನು ಏಜೆಂಟರ ಬಾಯಿಂದಲ್ಲ, ಡಿಜಿಸಿಎ ಜಾಲತಾಣದಿಂದಲೇ ತಿಳಿದುಕೊಳ್ಳಿ.

ಶಾಲೆಯಲ್ಲಿ ಕೂತು ಕೇಳಬೇಕಾದ ಮೊದಲ ಪ್ರಶ್ನೆ: ನನ್ನ ಮಗನಿಗೆ ಕಲಿಸುವವರ ಹೆಸರೇನು, ಅವರದು ಎಎಫ್‌ಐಆರೋ ಎಫ್‌ಐಆರೋ, ಇದುವರೆಗೆ ಎಷ್ಟು ಗಂಟೆ ಕಲಿಸಿದ್ದಾರೆ? ಅವರ ಕೈಕೆಳಗೆ ಈಗ ಎಷ್ಟು ವಿದ್ಯಾರ್ಥಿಗಳಿದ್ದಾರೆ? ಕಳೆದೊಂದು ವರ್ಷದಲ್ಲಿ ಎಷ್ಟು ಇನ್‌ಸ್ಟ್ರಕ್ಟರುಗಳು ಬಿಟ್ಟುಹೋದರು? ಈ ಕೊನೆಯ ಪ್ರಶ್ನೆಗೆ ಮುಖ ಗಂಟಿಕ್ಕಿದರೆ ಉತ್ತರ ಸಿಕ್ಕಿದಂತೆಯೇ. ಸಿಮ್ಯುಲೇಟರಿನ ಡಿಜಿಸಿಎ ಅನುಮೋದನಾ ಪತ್ರ ಕೇಳಿ, ಅವಧಿ ಮುಗಿದಿದೆಯೇ ನೋಡಿ. ಅನುಮೋದನೆ ಇಲ್ಲದ ಯಂತ್ರದಲ್ಲಿ ಅಭ್ಯಾಸ ಮಾಡಬಹುದು, ಲೆಕ್ಕಕ್ಕೆ ಬಾರದು. ಅದರ ಪ್ಯಾನೆಲ್ ಮಗ ಹಾರಿಸುವ ವಿಮಾನದ್ದಕ್ಕೆ ಹೊಂದುತ್ತದೆಯೇ ಎಂಬುದೂ ಮುಖ್ಯ. ಹಳೆಯ ದುಂಡು ಗೇಜುಗಳ ವಿಮಾನ ಇಟ್ಟುಕೊಂಡು ಗಾಜಿನ ಪರದೆಯ ಸಿಮ್ಯುಲೇಟರಿನಲ್ಲಿ ಕಲಿಸಿದರೆ ಹುಡುಗ ಎರಡು ಸಲ ಕಲಿಯಬೇಕಾಗುತ್ತದೆ. ಸಿಮ್ಯುಲೇಟರಿನಲ್ಲಿ ಕೂರುವಾಗ ಇನ್‌ಸ್ಟ್ರಕ್ಟರ್ ಇರುತ್ತಾರೆಯೇ, ಅದರ ಶುಲ್ಕ ಪ್ಯಾಕೇಜಿನೊಳಗೋ ಹೊರಗೋ, ಬರಹದಲ್ಲಿ ತೆಗೆದುಕೊಳ್ಳಿ.

ಇಷ್ಟೆಲ್ಲ ಕೇಳುವುದಕ್ಕಿಂತ ಒಂದು ಬೆಳಗ್ಗೆ ಹೋಗಿ ನೋಡುವುದು ಮೇಲು. ಗಾಳಿ ಶಾಂತವಾಗಿರುವ ಹೊತ್ತೆಂದು ಶಾಲೆಗಳು ಬೇಗ ಶುರುಮಾಡುತ್ತವೆ; ಆರಕ್ಕೆಲ್ಲ ಅಲ್ಲಿರಿ. ವಿಮಾನದ ಕಡೆ ನೋಡಬೇಡಿ, ಬ್ರೀಫಿಂಗ್ ಕೋಣೆಯ ಕಡೆ ನೋಡಿ. ಹಾರುವ ಮೊದಲು ಬಿಳಿ ಬೋರ್ಡಿನ ಮೇಲೆ ಚಿತ್ರ ಬರೆದು ಹೇಳುತ್ತಿದ್ದಾರೆಯೇ? ಇಳಿದು ಬಂದ ಮೇಲೆ ಗುರು ಶಿಷ್ಯರು ಕಾಲು ಗಂಟೆ ಕೂತು ಮಾತಾಡುತ್ತಾರೆಯೇ, ಅಥವಾ ಇನ್‌ಸ್ಟ್ರಕ್ಟರ್ ಎಂಜಿನ್ ಆರುವ ಮೊದಲೇ ಇಳಿದು ಮುಂದಿನ ವಿಮಾನಕ್ಕೆ ಓಡುತ್ತಾರೆಯೇ?

ತಿಪಟೂರಿನ ಸ್ನೇಹಿತರು ಹಾಗೆಯೇ ಹೋಗಿ ಬಂದರು. ಹತ್ತು ಗಂಟೆಯವರೆಗೆ ಕೂತಿದ್ದರಂತೆ. ಬೋರ್ಡಿನ ಮೇಲೆ ಯಾರೂ ಒಂದು ಗೆರೆ ಎಳೆಯಲಿಲ್ಲ, ಸಿಮ್ಯುಲೇಟರ್ ಕೋಣೆಗೆ ಬೀಗ ಹಾಕಿತ್ತು, ಕೀಲಿ ಯಾರ ಹತ್ತಿರವಿದೆ ಎಂದು ಆಫೀಸಿನವರಿಗೆ ಗೊತ್ತಿರಲಿಲ್ಲ. ಮುಂಗಡ ಕಟ್ಟದೆ ವಾಪಸು ಬಂದಿದ್ದಾರೆ. ಮುಂದಿನ ವಾರ ಇನ್ನೊಂದು ಶಾಲೆಗೆ ಹೊರಟಿದ್ದಾರೆ, ಈ ಸಲ ಮಗನನ್ನೂ ಕರೆದುಕೊಂಡು.